ತುಮಕೂರು–ಯಶವಂತಪುರ ರೈಲಿನಲ್ಲಿ ನಾಯ್ಸ್ ಕ್ಯಾನ್ಸಲಿಂಗ್ ಹೆಡ್‌ಫೋನ್: ಕನ್ನಡಕ ಹಾಕುವವರ ಅನುಭವ ಹೇಗಿದೆ?

ಪ್ರಶ್ನೆ, ತುಮಕೂರಿನಿಂದ

ನಾನು ತುಮಕೂರಿನಿಂದ ಯಶವಂತಪುರಕ್ಕೆ ವಾರದಲ್ಲಿ ಆರು ದಿನ ರೈಲಿನಲ್ಲಿ ಓಡಾಡುತ್ತೇನೆ. ಇಲಾಖಾ ಪರೀಕ್ಷೆಗೆ ಓದಿಕೊಳ್ಳಲು ನನಗೆ ಸಿಗುವುದು ಆ ಪ್ರಯಾಣದ ಹೊತ್ತು ಮಾತ್ರ. ಪಾಠಗಳನ್ನು ಕೇಳಲೆಂದು ಎರಡು ತಿಂಗಳ ಹಿಂದೆ, ಕಿವಿಯನ್ನು ಪೂರ್ತಿ ಮುಚ್ಚುವ, ನಾಯ್ಸ್ ಕ್ಯಾನ್ಸಲಿಂಗ್ (ಹೊರಗಿನ ಗದ್ದಲವನ್ನು ತಗ್ಗಿಸುವ ವ್ಯವಸ್ಥೆ) ಇರುವ ಬ್ಲೂಟೂತ್ ಹೆಡ್‌ಫೋನ್ ಒಂದನ್ನು 18,000 ರೂಪಾಯಿ ಕೊಟ್ಟು ಕೊಂಡೆ. ಮೊದಲ ರಾತ್ರಿ ಮನೆಯಲ್ಲಿ ಅದನ್ನು ಹಾಕಿಕೊಂಡಾಗ, ಫ್ಯಾನ್ ನಿಂತೇ ಹೋಯಿತೇನೋ ಎಂದು ಕತ್ತೆತ್ತಿ ನೋಡಿದ್ದೆ.

ರೈಲಿನಲ್ಲಿ ಮಾತ್ರ ಆ ಅನುಭವ ಆಗುತ್ತಿಲ್ಲ. ಗಾಲಿಗಳ ಗಡಗಡ ತಗ್ಗುತ್ತದೆ, ಆದರೆ ಎದುರು ಸೀಟಿನವರ ಮಾತು, ಕಡಲೆಕಾಯಿ ಮಾರುವವರ ಕೂಗು ಮೊದಲಿಗಿಂತ ಸ್ಪಷ್ಟವಾಗಿ ಕೇಳಿದಂತೆ ಅನ್ನಿಸುತ್ತದೆ. ಕಿಟಕಿಯ ಪಕ್ಕ ಕುಳಿತರೆ ಕಿವಿಯೊಳಗೆ ಯಾರೋ ಊದುತ್ತಿರುವಂತೆ ಬುಸ್ಸೆಂಬ ಸದ್ದು ಬರುತ್ತದೆ. ನನ್ನ ಕನ್ನಡಕದ ಕಡ್ಡಿ ದಪ್ಪನಾದದ್ದು. ದಾಬಸ್‌ಪೇಟೆ ಬರುವಷ್ಟರಲ್ಲಿ ಕಿವಿಯ ಮೇಲ್ಭಾಗ ನೋಯಲಾರಂಭಿಸುತ್ತದೆ. ಕಚೇರಿಯಲ್ಲಿ ಲ್ಯಾಪ್‌ಟಾಪಿಗೆ ಜೋಡಿಸಿ ಮೀಟಿಂಗಿಗೆ ಸೇರಿದ ಕೂಡಲೇ ಧ್ವನಿಯೆಲ್ಲ ಹಳೆಯ ಟೆಲಿಫೋನಿನಂತೆ ಕುಗ್ಗಿಬಿಡುತ್ತದೆ. ಹಿಂತಿರುಗಿಸುವ ಅವಧಿ ಮುಗಿದಿದೆ. ನಾನು ಕೊಂಡದ್ದೇ ತಪ್ಪಾಯಿತೇ, ಅಥವಾ ಬಳಸುವ ರೀತಿಯಲ್ಲಿ ತಪ್ಪಿದೆಯೇ? ಬಲ್ಲವರು ದಯವಿಟ್ಟು ತಿಳಿಸಬೇಕು.

ಉತ್ತರ 1, ಕ್ಯಾತ್ಸಂದ್ರದಿಂದ

ಇದೇ ದಾರಿಯಲ್ಲಿ ಐದು ವರ್ಷದಿಂದ ಇಂಥ ಹೆಡ್‌ಫೋನ್ ಬಳಸುತ್ತಿದ್ದೇನೆ, ನಾನೂ ಕನ್ನಡಕದವನೇ. ನಿಮ್ಮ ಹೆಡ್‌ಫೋನ್ ಕೆಟ್ಟಿಲ್ಲ ಎಂಬುದು ನೀವು ಬರೆದದ್ದರಲ್ಲಿಯೇ ಗೊತ್ತಾಗುತ್ತದೆ.

ಹೊರಗಿನ ಸದ್ದನ್ನು ಮೈಕಿನಿಂದ ಹಿಡಿದು, ಅದರ ಅಲೆಗೆ ಸರಿಯಾಗಿ ತಿರುಗುಮುರುಗಾದ ಅಲೆಯನ್ನು ಸ್ಪೀಕರಿನಿಂದ ಹೊರಡಿಸಿ, ಎರಡೂ ಒಂದನ್ನೊಂದು ಅಳಿಸುವಂತೆ ಮಾಡುವುದೇ ಈ ಉಪಕರಣದ ಕೆಲಸ. ಜರ್ಮನಿಯ ಪಾಲ್ ಲ್ಯೂಗ್ ಎಂಬವರಿಗೆ ಈ ಕಲ್ಪನೆಗಾಗಿ 1936ರಲ್ಲಿಯೇ ಅಮೆರಿಕದ ಪೇಟೆಂಟ್ ದೊರೆತಿತ್ತು. 1978ರಲ್ಲಿ ವಿಮಾನದಲ್ಲಿ ಹಾಡು ಕೇಳಲು ಹೋಗಿ ಎಂಜಿನ್ನಿನ ಮೊರೆತಕ್ಕೆ ಬೇಸತ್ತ, ಬೋಸ್ ಆಡಿಯೊ ಕಂಪನಿಯ ಸ್ಥಾಪಕ ಅಮರ್ ಬೋಸ್ ಅವರು ಇದನ್ನು ಹೆಡ್‌ಫೋನಿಗೆ ಅಳವಡಿಸುವ ಲೆಕ್ಕಾಚಾರವನ್ನು ಆ ಪ್ರಯಾಣದಲ್ಲಿಯೇ ಆರಂಭಿಸಿದರು. ಅವರ ಕಂಪನಿಯ ಹೆಡ್‌ಸೆಟ್ ಪೈಲಟ್‌ಗಳ ಕೈಗೆ ಬಂದದ್ದು 1989ರಲ್ಲಿ, ಸಾಮಾನ್ಯ ಗ್ರಾಹಕರಿಗೆ ಹೆಡ್‌ಫೋನ್ ಸಿಕ್ಕಿದ್ದು 2000ದಲ್ಲಿ. ಹುಟ್ಟಿನಿಂದಲೂ ಇದು ಎಂಜಿನ್ನಿನಂಥ ಒಂದೇ ಸಮನೆ ಮೊರೆಯುವ ಸದ್ದಿನ ವೈರಿ ಎಂಬುದನ್ನು ಗಮನದಲ್ಲಿಡಿ.

ಅದಕ್ಕೆ ಕಾರಣವಿದೆ. 100 ಹರ್ಟ್ಸ್‌ನ, ಅಂದರೆ ಸೆಕೆಂಡಿಗೆ 100 ಸಲ ಕಂಪಿಸುವ, ಗಡಗಡ ಸದ್ದಿನ ಒಂದು ಅಲೆ ಸುಮಾರು ಮೂರೂವರೆ ಮೀಟರ್ ಉದ್ದವಿರುತ್ತದೆ. ಅದಕ್ಕೆ ಎದುರಲೆಯನ್ನು ಹೊಂದಿಸುವುದು ಸುಲಭ. 1,000 ಹರ್ಟ್ಸ್‌ಗೆ ಬಂದರೆ ಅಲೆಯ ಉದ್ದ 34 ಸೆಂಟಿಮೀಟರಿಗೆ ಇಳಿಯುತ್ತದೆ. ಅಲ್ಲಿಂದ ಮೇಲಕ್ಕೆ ಕೂದಲೆಳೆಯಷ್ಟು ತಡವಾದರೂ ಅಲೆಗಳು ತಾಳೆಯಾಗುವುದಿಲ್ಲ. ಹಾಗಾಗಿ ಮಾತು, ಕೂಗು, ಹಾರ್ನ್‌ಗಳಲ್ಲಿರುವ ಮೇಲಿನ ಸ್ವರಗಳನ್ನು ತಡೆಯುವುದು ಎಲೆಕ್ಟ್ರಾನಿಕ್ಸ್ ಅಲ್ಲ, ಕಿವಿಯ ಸುತ್ತ ಕೂರುವ ಮೆತ್ತೆ. ಮಾತನ್ನು ಅದುವರೆಗೆ ಮುಚ್ಚಿಟ್ಟಿದ್ದ ಗಡಗಡ ಹೋದ ಮೇಲೆ, ಉಳಿದ ಮಾತು ಎದ್ದು ಕೇಳಿಸುವುದು ಸಹಜ.

ನಿಮ್ಮ ತೊಂದರೆಯ ಬೇರು ಕನ್ನಡಕದ ಕಡ್ಡಿಯಲ್ಲಿದೆ ಎಂದು ನನ್ನ ಬಲವಾದ ಅನುಮಾನ. ನಾಳೆ ಹಿರೇಹಳ್ಳಿ ದಾಟಿ ರೈಲು ವೇಗ ಹಿಡಿದಾಗ, ಕಡ್ಡಿ ಮೆತ್ತೆಯ ಕೆಳಗೆ ನುಸುಳುವ ಜಾಗವನ್ನು ಬೆರಳಿನಿಂದ ಮೆಲ್ಲನೆ ಒತ್ತಿ ನೋಡಿ. ಗಡಗಡ ಇನ್ನೊಂದು ಮೆಟ್ಟಿಲು ಕೆಳಗಿಳಿದರೆ ಸದ್ದು ಸೋರುತ್ತಿರುವುದು ಅಲ್ಲಿಂದಲೇ. ನಾನು ಹೀಗೆಯೇ ಕಂಡುಕೊಂಡು, ಮುಂದಿನ ಸಲ ಕನ್ನಡಕ ಬದಲಿಸುವಾಗ ತೆಳುವಾದ ಲೋಹದ ಕಡ್ಡಿಯ ಫ್ರೇಮ್ ಆರಿಸಿಕೊಂಡೆ. ಹೊಸ ಹೆಡ್‌ಫೋನ್ ಕೊಂಡಷ್ಟೇ ವ್ಯತ್ಯಾಸ ಕಾಣಿಸಿತು, ಕಿವಿಯ ನೋವೂ ಹೋಯಿತು. ಬುಸ್ಸೆನ್ನುವುದು ಹೊರಗಿನ ಮೈಕಿಗೆ ಗಾಳಿ ಬಡಿಯುವ ಸದ್ದು. ಆ್ಯಪ್‌ನಲ್ಲಿ ಗಾಳಿಯ ಸದ್ದು ತಗ್ಗಿಸುವ ಆಯ್ಕೆ ಇದ್ದರೆ ಹಾಕಿಕೊಳ್ಳಿ, ಇಲ್ಲದಿದ್ದರೆ ಕಿಟಕಿಯಿಂದ ಒಂದು ಸೀಟು ಈಚೆಗೆ ಕುಳಿತುಕೊಳ್ಳಿ.

ಇನ್ನೊಂದು ಮಾತನ್ನು ಒತ್ತಿ ಹೇಳುತ್ತೇನೆ. ನಮ್ಮ ನಿಲ್ದಾಣದಲ್ಲಿ ಒಮ್ಮೆ ಹೆಡ್‌ಫೋನ್ ತೆಗೆಯದೆಯೇ ಇಳಿದು ಹಳಿಯ ಕಡೆಗೆ ಹೆಜ್ಜೆ ಹಾಕಿದ್ದೆ. ಹಿಂದಿದ್ದ ಹೆಂಗಸೊಬ್ಬರು ನನ್ನ ಚೀಲ ಹಿಡಿದೆಳೆದರು. ಮರುಕ್ಷಣ ಗೂಡ್ಸ್ ಗಾಡಿ ಹಾದುಹೋಯಿತು. ಅಂದಿನಿಂದ ಸೀಟಿನಿಂದ ಏಳುವ ಮೊದಲೇ ಅದನ್ನು ಚೀಲಕ್ಕೆ ಹಾಕುತ್ತೇನೆ.

ಉತ್ತರ 2, ಶಿಡ್ಲಘಟ್ಟದಿಂದ

ನಮ್ಮ ಮನೆಯ ಗೋಡೆಗೆ ಅಂಟಿಕೊಂಡಂತೆಯೇ ರೇಷ್ಮೆ ನೂಲು ಬಿಚ್ಚಾಣಿಕೆಯ ಘಟಕವಿದೆ. ಬೆಳಗಿನ ಜಾವದಿಂದ ಮೋಟಾರ್ ಓಡುತ್ತಿರುತ್ತದೆ. ಪದವಿ ಓದುತ್ತಿರುವ ನನ್ನ ತಂಗಿ ಹಾಡನ್ನೂ ಹಾಕದೆ, ನಾಯ್ಸ್ ಕ್ಯಾನ್ಸಲಿಂಗ್ ಮಾತ್ರ ಚಾಲೂ ಮಾಡಿಕೊಂಡು ಓದುತ್ತಾಳೆ. ಮೋಟಾರಿನ ಸದ್ದು ಬಹುಪಾಲು ಇಲ್ಲವಾಗುತ್ತದೆ, ರಾಟೆಗಳ ಕಟಕಟ ಉಳಿಯುತ್ತದೆ. ಆರಂಭದಲ್ಲಿ ಅದನ್ನು ಹಾಕಿಕೊಂಡಾಗ, ಘಾಟಿ ಹತ್ತುವಾಗ ಆಗುವ ಹಾಗೆ ಕಿವಿ ಕಟ್ಟಿಕೊಂಡಂತೆ ಅವಳಿಗೆ ಅನ್ನಿಸುತ್ತಿತ್ತು. ವಾಸ್ತವದಲ್ಲಿ ಗಾಳಿಯ ಒತ್ತಡವೇನೂ ಬದಲಾಗಿರುವುದಿಲ್ಲವಂತೆ. ಅರ್ಧರ್ಧ ಗಂಟೆ ಹಾಕಿ ತೆಗೆದು ರೂಢಿ ಮಾಡಿಕೊಂಡಳು.

ಈ ಉಪಕರಣದ ದೊಡ್ಡ ಉಪಕಾರ ಧ್ವನಿಯ ಮಟ್ಟದಲ್ಲಿದೆ ಎಂದು ನನ್ನ ಭಾವನೆ. ದೊಡ್ಡವರಿಗೆ ವಾರಕ್ಕೆ 40 ಗಂಟೆ 80 ಡೆಸಿಬೆಲ್ ಮಿತಿ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ, ಮಕ್ಕಳಿಗೆ 75. ಮೂರು ಡೆಸಿಬೆಲ್ ಏರಿದರೆ ಕೇಳಬಹುದಾದ ಅವಧಿ ಅರ್ಧಕ್ಕಿಳಿಯುತ್ತದೆ. ರೈಲಿನ ಗದ್ದಲವನ್ನು ಮೀರಿಸಲು ಸಾಮಾನ್ಯ ಇಯರ್‌ಫೋನಿನ ಧ್ವನಿಯನ್ನು ತುದಿಗೇರಿಸಿ ದಿನಕ್ಕೆ ಮೂರು ಗಂಟೆ ಕೇಳುವವರನ್ನು ಕಂಡರೆ ನಿಜಕ್ಕೂ ಸಂಕಟವಾಗುತ್ತದೆ. ನೀವು ಧ್ವನಿಯನ್ನು ಅರ್ಧಕ್ಕಿಟ್ಟು ಪಾಠ ಅರ್ಥವಾಗುತ್ತಿದ್ದರೆ, ಹಣ ವ್ಯರ್ಥವಾಗಿಲ್ಲ ಎಂದೇ ತಿಳಿಯಿರಿ. ಆದರೆ ಯಂತ್ರದ ಬಳಿ ದುಡಿಯುವವರು ಇದನ್ನು ಕಿವಿಯ ರಕ್ಷಣೆಗೆಂದು ನಂಬಬಾರದು. ಅದಕ್ಕೆ ಬೇರೆಯೇ ಸಾಧನಗಳಿವೆ.

ಉತ್ತರ 3, ಕೋಲಾರದಿಂದ

ಮೊದಲ ಉತ್ತರ ಬರೆದವರ ಒಂದು ಮಾತನ್ನು ನಾನು ಒಪ್ಪುವುದಿಲ್ಲ. ಹೆಡ್‌ಫೋನಿಗಾಗಿ ಕನ್ನಡಕ ಬದಲಿಸುವುದಕ್ಕಿಂತ, ಕಿವಿಯೊಳಗೆ ಕೂರುವ ಇಯರ್‌ಬಡ್ ಕೊಳ್ಳುವುದೇ ಕನ್ನಡಕದವರಿಗೆ ಮೇಲು. ರಬ್ಬರಿನ ತುದಿ ಸರಿಯಾದ ಅಳತೆಯದಾಗಿದ್ದರೆ ಕಡ್ಡಿಯ ತಂಟೆಯೇ ಇಲ್ಲ, ಬೇಸಿಗೆಯಲ್ಲಿ ಬೆವರುವುದೂ ಇಲ್ಲ. ನನ್ನ ಹಳೆಯ ದೊಡ್ಡ ಹೆಡ್‌ಫೋನಿನ ಕೃತಕ ಚರ್ಮದ ಮೆತ್ತೆ ಎರಡನೆಯ ಬೇಸಿಗೆಗೆ ಸುಲಿದು, ಅಂಗಿಯ ಕಾಲರಿನ ಮೇಲೆಲ್ಲ ಕಪ್ಪು ಹೊಟ್ಟು ಉದುರುತ್ತಿತ್ತು. ಮೆತ್ತೆ ಬದಲಿಸಿದ ಮೇಲೆ ಗದ್ದಲ ತಗ್ಗುವುದು ಮತ್ತೆ ಹೊಸದರಂತಾಯಿತು, ಅದನ್ನು ಮರೆಮಾಚುವುದಿಲ್ಲ. ಒಂದು ಸಲಕ್ಕೆ ಇಯರ್‌ಬಡ್ ಚಾರ್ಜ್ ಅಷ್ಟು ಹೊತ್ತು ನಿಲ್ಲುವುದಿಲ್ಲ ಎಂಬ ಕೊರತೆಯೂ ಇದೆ. ನಿಮ್ಮ ಪ್ರಯಾಣಕ್ಕೆ ಅದು ಸಾಲುತ್ತದೆ.

ಮೀಟಿಂಗಿನ ವಿಷಯ: ಹೆಡ್‌ಫೋನಿನ ಮೈಕ್ ಚಾಲೂ ಆದೊಡನೆ ಬ್ಲೂಟೂತ್ ಸಂಪರ್ಕವು ಸಂಗೀತದ ಕ್ರಮವನ್ನು ಬಿಟ್ಟು ಕರೆಯ ಕ್ರಮಕ್ಕೆ ಬದಲಾಗುತ್ತದೆ; ಆಗ ಧ್ವನಿಯ ಹರವು ಕಿರಿದಾಗುತ್ತದೆ. ಮೀಟಿಂಗಿನ ಸೆಟ್ಟಿಂಗ್‌ನಲ್ಲಿ ಮೈಕ್ ಆಗಿ ಲ್ಯಾಪ್‌ಟಾಪಿನದನ್ನೇ ಆರಿಸಿ, ಕೇಳಲು ಮಾತ್ರ ಹೆಡ್‌ಫೋನ್ ಇಟ್ಟುಕೊಳ್ಳಿ. ಹೆಡ್‌ಫೋನನ್ನು ಬಿಸಿಲಿನಲ್ಲಿ ನಿಂತ ಕಾರಿನೊಳಗೆ ಬಿಡಬೇಡಿ, ಲಿಥಿಯಂ ಬ್ಯಾಟರಿಗೆ ಬಿಸಿ ಆಗದು.

ಪ್ರಶ್ನೆ ಕೇಳಿದವರಿಂದ

ಮೂವರಿಗೂ ಧನ್ಯವಾದಗಳು. ಇಂದು ಬೆಳಗ್ಗೆ ಹಿರೇಹಳ್ಳಿಯ ನಂತರ ಬೆರಳೊತ್ತಿ ನೋಡಿದೆ: ಎಡಗಡೆ ಒತ್ತಿದಾಗ ಗಡಗಡ ಸ್ಪಷ್ಟವಾಗಿ ಇಳಿಯಿತು, ಬಲಗಡೆ ಅಷ್ಟೇನೂ ವ್ಯತ್ಯಾಸವಿಲ್ಲ. ಕನ್ನಡಕ ತೆಗೆದು ನೋಡಿದರೆ ಎಡಗಡೆಯ ಕಡ್ಡಿ ಸ್ವಲ್ಪ ಹೊರಕ್ಕೆ ಬಾಗಿದೆ. ಸಂಜೆ ತುಮಕೂರಿನಲ್ಲಿ ಇಳಿದ ಮೇಲೆ ಅಂಗಡಿಯಲ್ಲಿ ಅದನ್ನು ನೇರ ಮಾಡಿಸಿ, ತೆಳುವಾದ ಕಡ್ಡಿಯ ಫ್ರೇಮಿನ ಬೆಲೆಯನ್ನೂ ವಿಚಾರಿಸುತ್ತೇನೆ. ಲ್ಯಾಪ್‌ಟಾಪಿನ ಮೈಕ್ ಆರಿಸಿಕೊಂಡ ಮೇಲೆ ಮೀಟಿಂಗಿನ ಧ್ವನಿ ಸರಿಹೋಯಿತು. ಇಯರ್‌ಬಡ್‌ನ ಸಲಹೆಯನ್ನು ಪರೀಕ್ಷೆ ಮುಗಿದ ಮೇಲೆ ನೋಡುತ್ತೇನೆ. ಸದ್ಯಕ್ಕೆ ಧ್ವನಿ ಅರ್ಧದಲ್ಲಿದೆ, ಪಾಠ ಕೇಳಿಸುತ್ತಿದೆ.