ಪುಟ್ಟಿಯ ಹಾಡಿನ ಬಗ್ಗೆ ಸುಮಾಳಿಗೆ

ಸುಮಾ, ನಿನ್ನ ಸಂದೇಶ ಓದಿದೆ. ಪುಟ್ಟಿಯೂ ಅವಳ ಗೆಳತಿಯೂ ಎಪ್ಪತ್ತರ ದಶಕದ ಸ್ಪೇನಿನ ಗಾಯಕಿಯರಾದ ಬಕಾರಾ ಜೋಡಿಯ ಧಾಟಿಯಲ್ಲಿ ಕುಣಿಸುವಂಥ ಸಿಂಗಲ್, ಅಂದರೆ ಬಿಡಿ ಹಾಡೊಂದನ್ನು ಹಾಡಿದ್ದಾರೆ, ಕಂಪನಿಯವರು ಸೋಮವಾರವೇ ಸಹಿ ಕೇಳುತ್ತಿದ್ದಾರೆ, ಹಾಕಿಸಬಹುದೇ ಎಂದು ಗಾಬರಿಯಿಂದ ಕೇಳಿದ್ದೀಯೆ. ಕುಣಿತದ ಹಾಡೆಂದು ಹೆದರಬೇಡಮ್ಮ. ಆದರೆ ಇಬ್ಬರು ಹಾಡಿದ್ದು ಒಂದೇ ಹೆಸರಿನಲ್ಲಿ ಹೊರಬರುವಾಗ, ಆ ಹೆಸರು ಯಾರದು, ಯಾರ ದನಿ ಎಷ್ಟು ಕೇಳಿಸಬೇಕು ಎಂಬುದನ್ನು ಬರೆಸಿಕೊಳ್ಳದೆ ಸಹಿ ಹಾಕಿಸಬೇಡ.

ಮಾಲತಿಯನ್ನು ನೀವೆಲ್ಲ ಬಲ್ಲಿರಿ. ಕ್ಯಾಸೆಟ್ಟಿನ ಕಾಲದಲ್ಲಿ ನಾವಿಬ್ಬರೂ ಭಾವಗೀತೆ ಹಾಡಿದೆವು. ಸ್ಟುಡಿಯೋದಲ್ಲಿ ಕೇಳಿದಾಗ ಇಬ್ಬರ ದನಿಯೂ ಸಮನಾಗಿತ್ತು. ಅಂಗಡಿಗೆ ಬಂದ ಕ್ಯಾಸೆಟ್ಟಿನಲ್ಲಿ ನನ್ನ ದನಿ ಕೊಳಲಿನ ಹಿಂದೆ ಅಡಗಿತ್ತು, ಹೊದಿಕೆಯ ಮೇಲೆ ‘ಮಾಲತಿ ಮತ್ತು ಸಂಗಡಿಗರು’ ಎಂದು ಅಚ್ಚಾಗಿತ್ತು. ಕರಾರುಪತ್ರ ಕೇಳಿದಾಗಲೆಲ್ಲ ಆಮೇಲೆ ಕೊಡುತ್ತೇವೆ ಎಂದೇ ಕಂಪನಿಯವರು ದಿನ ದೂಡಿದ್ದರು. ಮಾಲತಿಯ ತಪ್ಪೇನೂ ಇರಲಿಲ್ಲ, ಆದರೂ ನಮ್ಮ ನಡುವೆ ಮಾತು ನಿಂತೇ ಹೋಯಿತು.

ಬಕಾರಾದ ಕಥೆಯೂ ಹೀಗೇ ಕೆಟ್ಟಿತು. ಮಾಯ್ತೆ ಮಾತೆಯೋಸ್ ಮತ್ತು ಮರಿಯಾ ಮೆಂಡಿಯೋಲಾ ಸ್ಪೇನಿನ ನರ್ತಕಿಯರು. ಕ್ಯಾನರಿ ದ್ವೀಪಗಳಲ್ಲಿ ಪ್ರವಾಸಿಗರೆದುರು ಹಾಡಿ ಕುಣಿಯುತ್ತಿದ್ದಾಗ ಧ್ವನಿಮುದ್ರಣ ಕಂಪನಿಯವರ ಕಣ್ಣಿಗೆ ಬಿದ್ದರು. ರೋಲ್ಫ್ ಸೋಯಾ ಮತ್ತು ಫ್ರಾಂಕ್ ದೋಸ್ತಾಲ್ ರಚಿಸಿದ ‘ಯೆಸ್ ಸರ್, ಐ ಕ್ಯಾನ್ ಬೂಗಿ’ 1977ರಲ್ಲಿ ಬ್ರಿಟನ್ನಿನ ಜನಪ್ರಿಯ ಹಾಡುಗಳ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೇರಿತು. ಒಬ್ಬಳು ಕಪ್ಪು ಉಡುಗೆಯಲ್ಲಿ, ಇನ್ನೊಬ್ಬಳು ಬಿಳಿ ಉಡುಗೆಯಲ್ಲಿ ನಿಂತರೆ ಎಷ್ಟು ಚೆನ್ನಾಗಿತ್ತು! 1980ರ ‘ಸ್ಲೀಪಿ ಟೈಮ್ ಟಾಯ್’ ಹಾಡಿನ ಮಿಕ್ಸಿಂಗಿನಲ್ಲಿ, ಅಂದರೆ ದನಿಗಳನ್ನೂ ವಾದ್ಯಗಳನ್ನೂ ಬೆರೆಸಿ ಹದಗೊಳಿಸುವಾಗ, ತನ್ನ ದನಿ ತಗ್ಗಿದೆಯೆಂದು ಮರಿಯಾ ನ್ಯಾಯಾಲಯದ ಮೆಟ್ಟಿಲೇರಿದರು, ಮರುವರ್ಷ ಜೋಡಿ ಒಡೆಯಿತು, ಮುಂದೆ ಇಬ್ಬರೂ ಬೇರೆ ಬೇರೆ ಗೆಳತಿಯರನ್ನು ಕಟ್ಟಿಕೊಂಡು ಬಕಾರಾ ಹೆಸರಿನಲ್ಲೇ ಹಾಡುತ್ತ ತಿರುಗಿದರು. ಆದರೆ ಹಾಡು ಸಾಯಲಿಲ್ಲ. 2020ರಲ್ಲಿ ಸ್ಕಾಟ್ಲೆಂಡಿನ ಫುಟ್ಬಾಲ್ ಆಟಗಾರರು ಅದಕ್ಕೆ ಕುಣಿದ ವಿಡಿಯೋ ಹರಡಿ, ಹಾಡು ಮತ್ತೆ ಪಟ್ಟಿಗೆ ಮರಳಿತು. ಅಷ್ಟು ವರ್ಷ ಬದುಕಬಹುದಾದ ಹಾಡಿಗೆ, ಹೆಸರು ಯಾರದು, ದನಿ ಎಷ್ಟು ಎಂದು ಬರೆಸಿಕೊಳ್ಳದೆ ಸಹಿ ಹಾಕಿಸಬೇಡ ಎಂದು ಮತ್ತೊಮ್ಮೆ ಹೇಳುತ್ತಿದ್ದೇನೆ.

ನನ್ನ ಪರವಾಗಿ ಅಂದು ಯಾರೂ ನಿಲ್ಲಲಿಲ್ಲ. ಕಂಪನಿಗೆ ಹೋಗಿ ಕೇಳುತ್ತೇನೆ ಎಂದಾಗ, ಮನೆತನದ ಹೆಣ್ಣುಮಕ್ಕಳು ಹಣಕ್ಕಾಗಿ ಜಗಳವಾಡಬಾರದು ಎಂದು ಹಿರಿಯರು ತಡೆದರು. ನಾನು ಕೇಳಿದ್ದು ಹಣವನ್ನಲ್ಲ, ಹೆಸರನ್ನು. ಇಂದಿಗೂ ಮದುವೆ ಮನೆಗಳಲ್ಲಿ ಆ ಹಾಡು ಹಾಕಿದರೆ, ನಾನು ಎದುರಿಗೆ ಕುಳಿತಿದ್ದರೂ, ಮಾಲತಿ ಎಷ್ಟು ಚೆನ್ನಾಗಿ ಹಾಡಿದ್ದಾಳೆ ಎನ್ನುತ್ತೀರಿ. ಅದು ನನಗೆ ನೋವಾಗುತ್ತದೆ, ಹೇಳಿಯೇ ಬಿಡುತ್ತೇನೆ.

ಹೇಳಬೇಕಾದ ಮುಖ್ಯ ಮಾತೇ ಉಳಿದುಹೋಯಿತು. ಜೋಡಿಯ ಹೆಸರನ್ನು ಇಬ್ಬರ ಜಂಟಿ ಒಡೆತನದಲ್ಲಿ ಟ್ರೇಡ್‌ಮಾರ್ಕ್ ನೋಂದಣಿ ಮಾಡಿಸಿ. ಆ ನೋಂದಣಿಯಲ್ಲಿ ಮನರಂಜನೆಗೆ ಇರುವುದು 41ನೆಯ ವರ್ಗ. ಅಂತಿಮ ಮಿಕ್ಸಿಂಗಿಗೆ ಇಬ್ಬರ ಲಿಖಿತ ಒಪ್ಪಿಗೆ ಬೇಕೆಂದು ಕರಾರಿನಲ್ಲಿ ಸೇರಿಸಿ. ಕೃತಿಸ್ವಾಮ್ಯ (ಕಾಪಿರೈಟ್) ಕಾಯ್ದೆಯ 2012ರ ತಿದ್ದುಪಡಿಯ ನಂತರ ಹಾಡಿದವರಿಗೂ ರಾಯಧನದ ಹಕ್ಕಿದೆ, ಅದನ್ನು ಬಿಟ್ಟುಕೊಡುವ ಸಾಲು ಎಲ್ಲಿಯಾದರೂ ಇದೆಯೇ ನೋಡಬೇಕು. ನಮ್ಮ ಶ್ರೀಧರ ವಕೀಲನಾಗಿರುವುದು ಮತ್ತೇತಕ್ಕೆ? ಕರಾರಿನ ಎಲ್ಲ ಪುಟಗಳ ಫೋಟೋ ತೆಗೆದು ಇಂದು ರಾತ್ರಿಯೇ ಅವನಿಗೆ ಕಳುಹಿಸು. ಅವನು ಓದಿ ಹೇಳುವವರೆಗೆ ಸೋಮವಾರದ ಸಹಿ ಬೇಡ.