ಎರಡು ದಿನ ರಜೆ, ಕೌದಿ ಹೊಲಿದು ಮುಗಿಯುತ್ತಾ? ಅನುಭವ ಇದ್ದವರು ಹೇಳಿ

ಕೇಳಿದವರು, ಶಿವಮೊಗ್ಗ: ಈ ಶನಿವಾರ, ಭಾನುವಾರ ಮನೆಯವರೆಲ್ಲ ಮದುವೆಗೆ ಹೊರಟಿದ್ದಾರೆ. ನಾನೊಬ್ಬಳೇ. ಅಮ್ಮನ ಎರಡು ಹಳೆ ಕಾಟನ್ ಸೀರೆ ಇವೆ, ಸಿಂಗಲ್ ಮಂಚಕ್ಕೆ ಕೌದಿ ಹೊಲಿಯುವ ಆಸೆ. ಬಿಸಿ ಹುಗ್ಗಿ ಮಾಡಿಕೊಂಡು ಸುಮ್ನೆ ಕೂತು ಹೊಲಿಯೋಣ ಅಂತ. ಕೈಯಲ್ಲೋ, ಮಿಷಿನ್‌ನಲ್ಲೋ? ಒಂದು ಸೀರೆಗೆ ಜರಿ ಅಂಚಿದೆ, ಬಿಚ್ಚಬೇಕಾ?

ಗದಗಿನ ಸೊಸೆ: ಕೈಯಲ್ಲೇ ಹೊಲಿಯಿರಿ. ನಾನು ನಮ್ಮತ್ತೆಯ ಸೀರೆಯಲ್ಲಿ ಹೊಲಿದೆ. ಒಂದು ಸೀರೆ ಐದೂವರೆ ಮೀಟರ್. ಮೂರು ಮಡಿಕೆ ಮಾಡಿದರೆ ಆರಡಿ ಉದ್ದ, ನಾಲ್ಕಡಿಗೆ ಸ್ವಲ್ಪ ಕಡಿಮೆ ಅಗಲ. ಬೆರಳಗಲ ಬಿಟ್ಟು ಹೊಲಿದರೆ 57 ಸಾಲು ಬಂತು, ನಾನೇ ಎಣಿಸಿದ್ದೇನೆ. ಸಾಲಿಗೆ 20 ನಿಮಿಷ. ಅಲ್ಲಿಗೆ 19 ಗಂಟೆ, ಅದೂ ದಾರ ಗಂಟಾಗದಿದ್ದರೆ. ನನಗೆ ಮೂರು ವಾರ ಹಿಡಿಯಿತು. ನಾಲ್ಕು ಸೂಜಿ ಮುರಿದವು, ದಾರದ ಉಂಡೆ ಆರು, ಒಂದಕ್ಕೆ 40 ರೂಪಾಯಿ. ಕೆಂಪು ಅಂಚು ಹಾಕಿದ್ದೆ, ಹೊಸ ಬಟ್ಟೆ. ಮೊದಲ ಒಗೆತಕ್ಕೇ ಬಣ್ಣ ಬಿಟ್ಟು ಅತ್ತೆಯ ಬಿಳಿ ಸೀರೆಯೆಲ್ಲ ಗುಲಾಬಿ. ಅತ್ತೆ ಏನೂ ಅನ್ನಲಿಲ್ಲ. ಅಂದಿದ್ದರೇ ಚೆನ್ನಾಗಿತ್ತು.

ಇನ್ನು ಹುಗ್ಗಿ. ಹೊಲಿಯುತ್ತಾ ಮಾಡುವ ಅಡುಗೆ ಅಲ್ಲ ಅದು. ಕುಟ್ಟಿದ ಗೋಧಿ ರಾತ್ರಿಯೇ ನೆನೆಸಬೇಕು. ಪೂರ್ತಿ ಮೆತ್ತಗಾಗುವ ಮುಂಚೆ ಬೆಲ್ಲ ಹಾಕಿದಿರೋ, ಆಮೇಲೆ ಎಷ್ಟು ಕುದಿಸಿದರೂ ಕಾಳು ಬೇಯುವುದಿಲ್ಲ. ಬೆಲ್ಲ ಹಾಕಿದ ಮೇಲೆ ಕೈ ಬಿಟ್ಟರೆ ತಳ ಹಿಡಿಯುತ್ತದೆ. ನನ್ನ ಹಿತ್ತಾಳೆ ಪಾತ್ರೆ ಹಾಗೇ ಹೋಯಿತು, ಕಲಾಯಿ ಹಾಕಿಸಲು 350.

ದಾವಣಗೆರೆ ಟೈಲರಮ್ಮ: ಮೂರು ವಾರ ನೆಲದ ಮೇಲೆ ಕೂತು ಸೊಂಟ ಹಾಳು ಮಾಡಿಕೊಳ್ಳುವುದು ದೊಡ್ಡಸ್ತಿಕೆನಾ? ನಾನೂ ಮೊದಲು ಕೈಯಲ್ಲೇ ಶುರು ಮಾಡಿದವಳು. ಹನ್ನೊಂದನೇ ಸಾಲಿಗೆ ಭುಜ ಹಿಡಿಯಿತು. ಫಿಸಿಯೋಥೆರಪಿ ಮೂರು ಸಲ, ಸಲಕ್ಕೆ 500. ಆಮೇಲೆ ಮಿಷಿನ್‌ನಲ್ಲಿ ಮುಗಿಸಿದೆ, ಒಂದೂವರೆ ದಿನ. ಪದರ ಜರುಗದ ಹಾಗೆ ಮೊದಲು ಉದ್ದುದ್ದ ಕಚ್ಚಾ ಹೊಲಿಗೆ ಹಾಕಿಕೊಂಡೆ. ಆರು ಪದರ ಇಟ್ಟಿದ್ದು ನನ್ನ ತಪ್ಪು. ಮಿಷಿನ್ ನಿಂತಿತು, ರಿಪೇರಿ 650. ನಾಲ್ಕರ ಮೇಲೆ ಹೋಗಬೇಡಿ.

ಗದಗಿನ ಸೊಸೆ: ಮಿಷಿನ್ ಕೌದಿ ಹಲಗೆ ಇದ್ದ ಹಾಗಿರುತ್ತದೆ. ಹೊದ್ದರೆ ಮೈಗೆ ಹತ್ತುವುದಿಲ್ಲ. ಅದಕ್ಕೆ ಕೌದಿ ಅನ್ನಬೇಡಿ, ಬೆಡ್‌ಶೀಟ್ ಅನ್ನಿ.

ಮೈಸೂರಿನವರು: ಒಂದು ನಿಮಿಷ. ಹುಗ್ಗಿಗೆ ಗೋಧಿ ಯಾಕೆ? ಹುಗ್ಗಿ ಅಂದರೆ ಅಕ್ಕಿ, ಹೆಸರುಬೇಳೆ. ಮೆಣಸು, ಜೀರಿಗೆ, ಶುಂಠಿ, ತುಪ್ಪ. ಕುಕ್ಕರ್‌ನಲ್ಲಿ ಮೂರು ವಿಷಲ್. ಜೊತೆಗೆ ಹುಣಸೆ ಗೊಜ್ಜು. ನಮ್ಮ ಮನೆಯಲ್ಲಿ ಧನುರ್ಮಾಸ ಪೂರ್ತಿ ಅದೇ. ಪಾಪ, ಸುಲಭದ ಅಡುಗೆ ಕೇಳಿದವರನ್ನು ಹೆದರಿಸಬೇಡಿ.

ಗದಗಿನ ಸೊಸೆ: ಅದು ಪೊಂಗಲ್ ರೀ. ಜ್ವರ ಬಂದವರಿಗೆ ಕೊಡುವುದು. ಗೋಧಿ, ಬೆಲ್ಲ, ಗಸಗಸೆ, ಒಣಕೊಬ್ಬರಿ ಇಲ್ಲದ್ದಕ್ಕೆ ನಮ್ಮ ಕಡೆ ಯಾರೂ ಹುಗ್ಗಿ ಅನ್ನುವುದಿಲ್ಲ.

ಮೈಸೂರಿನವರು: ನಿಮ್ಮ ಕಡೆ ಅನ್ನದಿದ್ದರೆ ನಮ್ಮಜ್ಜಿ ಅರವತ್ತು ವರ್ಷ ಮಾಡಿದ್ದು ಏನು, ಗಂಜಿಯಾ?

ಡಲ್ಲಾಸ್ ಕನ್ನಡತಿ: ಇಲ್ಲಿ ಹಳೆ ಕಾಟನ್ ಸೀರೆಯೇ ಸಿಗುವುದಿಲ್ಲ. ಇದ್ದ ಪಾಲಿಯೆಸ್ಟರ್ ಸೀರೆಯಲ್ಲೇ ಹೊಲಿದೆ. ಜಾರುತ್ತದೆ, ಸಾಲು ಸೊಟ್ಟ, ಹೊದ್ದರೆ ಬೆವರು. ನಡುವೆ ಹಾಕಲು ಹತ್ತಿ ಹಾಸು ಬೇರೆ ತಂದೆ, 38 ಡಾಲರ್. ಒಗೆದ ಮೇಲೆ ಹಾಸು ಒಳಗೊಳಗೇ ಉಂಡೆ ಕಟ್ಟಿತು. ಆ ದುಡ್ಡಿಗೆ ಅಂಗಡಿಯಲ್ಲೇ ಒಂದು ಹೊದಿಕೆ ಬರುತ್ತಿತ್ತು. ನಮ್ಮ ಯಜಮಾನರು ಇದನ್ನು ಈಗಲೂ ವಾರಕ್ಕೊಮ್ಮೆ ನೆನಪಿಸುತ್ತಾರೆ.

ದಾವಣಗೆರೆ ಟೈಲರಮ್ಮ: ಸೀರೆಯಿಂದ ಹೊಲಿಯುವ ಕೌದಿಗೆ ಹತ್ತಿ ಯಾಕಮ್ಮಾ ತುಂಬಿದಿರಿ? ಸೀರೆಯ ಪದರವೇ ಸಾಕಲ್ವಾ?

ಡಲ್ಲಾಸ್ ಕನ್ನಡತಿ: ಇಲ್ಲಿನ ಚಳಿ ಗೊತ್ತಿದ್ದರೆ ಕೇಳುತ್ತಿರಲಿಲ್ಲ.

ಯಲ್ಲಾಪುರದ ಮೇಷ್ಟ್ರು: ಎಲ್ಲರೂ ಉದ್ದುದ್ದ ಸಾಲು ಎಣಿಸುತ್ತಿದ್ದೀರಿ. ನಮ್ಮ ಯಲ್ಲಾಪುರ, ಹಳಿಯಾಳ, ಮುಂಡಗೋಡು ಕಡೆ ಸಿದ್ದಿ ಹೆಂಗಸರು ಹೊಲಿಯುವುದನ್ನು ನೋಡಬೇಕು. ಒಂದು ಮೂಲೆಯಲ್ಲಿ ಶುರು ಮಾಡಿ, ಅಂಚಿಗುಂಟ ಸುತ್ತುತ್ತಾ ಸುತ್ತುತ್ತಾ ನಡುವಿಗೆ ಬಂದು ಮುಗಿಸುತ್ತಾರೆ. ತುಂಡು ಬಟ್ಟೆಯನ್ನು ಹೊಲಿಯುತ್ತಲೇ ಕೂಡಿಸುತ್ತಾ ಹೋಗುತ್ತಾರೆ. ನಾಲ್ಕು ಮೂಲೆಗೂ ಮಡಿಸಿದ ತ್ರಿಕೋನದ ಹೂವು ಬೇಕೇ ಬೇಕು. ನನ್ನ ಹೆಂಡತಿ ನೋಡಿ ಕಲಿತಳು, ಮೊದಲನೆಯದು ನಡುವೆ ಬುಗುಟಿನ ಹಾಗೆ ಎದ್ದು ನಿಂತಿತು. ಈಗ ನಮ್ಮ ನಾಯಿ ಅದರ ಮೇಲೆ ಮಲಗುತ್ತದೆ.

ಗದಗಿನ ಸೊಸೆ: ಮೇಷ್ಟ್ರೇ, ನಿಮ್ಮ ಹೆಂಡತಿಯ ಕೈಯಿಂದಲೇ ಬರೆಸಿ. ಹೊಲಿದವರು ಅವರು, ಅನುಭವ ನಿಮ್ಮದಾ?

ಯಲ್ಲಾಪುರದ ಮೇಷ್ಟ್ರು: ಒದ್ದೆ ಕೌದಿ ಹಿಂಡುವುದಕ್ಕೆ ಇಬ್ಬರು ಬೇಕು ತಾಯಿ. ಆ ಇನ್ನೊಬ್ಬ ನಾನೇ.

ಮೈಸೂರಿನವರು: ಕೌದಿಯ ವಿಷಯ ನನಗೆ ಗೊತ್ತಿಲ್ಲ. ಆದರೆ ಜ್ವರದವರ ಊಟ ಅಂದಿದ್ದನ್ನು ವಾಪಸ್ ತೆಗೆದುಕೊಳ್ಳಿ.

ಕೇಳಿದವರು, ಶಿವಮೊಗ್ಗ: ಎಲ್ಲರಿಗೂ ಥ್ಯಾಂಕ್ಸ್. ಗೋಧಿಯೂ ಇಲ್ಲ, ಹೆಸರುಬೇಳೆಯೂ ಇಲ್ಲ, ಅಕ್ಕಿ ರೊಟ್ಟಿ ತಟ್ಟಿಕೊಳ್ಳುತ್ತೇನೆ. ಜರಿ ಅಂಚಿನ ಬಗ್ಗೆ ಯಾರೂ ಹೇಳಲಿಲ್ಲ.

ದಾವಣಗೆರೆ ಟೈಲರಮ್ಮ: ಬಿಚ್ಚಿ. ಚುಚ್ಚುತ್ತದೆ, ದಾರವೂ ಕತ್ತರಿಸುತ್ತದೆ. ಮತ್ತೆ ಗದಗಿನವರೇ, ನನ್ನ ಹಲಗೆಯನ್ನು ಹದಿನೈದು ಸಲ ಒಗೆದಿದ್ದೇನೆ. ಒಂದು ಹೊಲಿಗೆ ಬಿಟ್ಟಿಲ್ಲ. ನಿಮ್ಮದು?