ಪದ ಬೇಕು: ಗೊರಿಲ್ಲಾ, ಚಿಂಪಾಂಜಿಗಳ ಮೈಕಟ್ಟಿಗೆ ಏನನ್ನೋಣ?

ಗೆಳೆಯರೇ,

ಶಾಲೆಯ ವಿಜ್ಞಾನ ಪ್ರದರ್ಶನಕ್ಕೆ ಫಲಕ ಬರೆಯುತ್ತಿದ್ದೇನೆ. ನಾಳೆ ಬೆಳಗ್ಗೆ ಪ್ರಿಂಟಿಗೆ ಕೊಡಬೇಕು. ಮಹಾವಾನರಗಳು ನಮಗಿಂತ ಯಾಕೆ ಅಷ್ಟು 'ಮಸ್ಕ್ಯುಲರ್' ಅನ್ನುವುದು ವಿಷಯ. 'ಕಟ್ಟುಮಸ್ತು' ಅಂತ ಹಾಕಿದ್ದೇನೆ, ಯಾಕೋ ಕೂರುತ್ತಿಲ್ಲ. 'ಫಾಸ್ಟ್ ಟ್ವಿಚ್ ಫೈಬರ್'ಗೂ, ಅಂದರೆ ಸ್ನಾಯುವಿನಲ್ಲಿ ಬೇಗ ಸಂಕುಚಿಸುವ ಎಳೆಗಳಿಗೂ, ಒಂದು ಪದ ಬೇಕು. 2017ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ ಚಿಂಪಾಂಜಿಯ ಸ್ನಾಯುವಿನಲ್ಲಿ ಇವು ಹೆಚ್ಚುಕಡಿಮೆ ಮೂರರಲ್ಲಿ ಎರಡು ಪಾಲು. ನಮ್ಮಲ್ಲಿ ನಿಧಾನದವೇ ಜಾಸ್ತಿ. ಹಾಗಾಗಿ ಅಷ್ಟೇ ಗಾತ್ರದ ಸ್ನಾಯುವಿಗೆ ಚಿಂಪಾಂಜಿಯಲ್ಲಿ ನಮ್ಮ ಸುಮಾರು 1.35 ಪಟ್ಟು ಸಾಮರ್ಥ್ಯ.

ಉತ್ತರ:
ಮೊದಲು 'ಸ್ನಾಯು' ತೆಗೆಯಿರಿ. ಹಳೆಯ ಆಯುರ್ವೇದ ಗ್ರಂಥ ಸುಶ್ರುತ ಸಂಹಿತೆಯಲ್ಲಿ ಪೇಶಿ 500, ಸ್ನಾಯು 900. ಎರಡೂ ಬೇರೆ. ಸ್ನಾಯು ಅಂದರೆ ಕೀಲು ಬಿಗಿಯುವ ಕಟ್ಟು. ಮಸಲ್ ಅಂದರೆ ಪೇಶಿ. ಇನ್ನು 'ಮಸ್ತು' ಪಾರಸಿಯದು, ಬೇಡ.

ಉತ್ತರ:
ಸುಶ್ರುತನ ಅರ್ಥ ಸುಶ್ರುತನಿಗೆ. ಇವತ್ತು ಕನ್ನಡದ ಮಕ್ಕಳು ಪಾಠದಲ್ಲಿ ಓದುವುದು ಸ್ನಾಯು ಅಂತಲೇ. ಅದನ್ನು ಈಗ ಕೀಳಬೇಡಿ.

ಕಟ್ಟುಮಸ್ತು ಬೇಡ ಅನ್ನುವುದಕ್ಕೆ ನನ್ನ ಕಾರಣ ಬೇರೆ. ಆ ಮಾತು ಕೇಳಿದರೆ ಗರಡಿಮನೆ ಕಣ್ಣಿಗೆ ಬರುತ್ತದೆ, ಸಾಮು ಮಾಡಿ ಬೆಳೆಸಿದ ಮೈ. ಗೊರಿಲ್ಲಾ ಸಾಮು ಮಾಡುವುದಿಲ್ಲ. ಎಲೆ, ಕಾಂಡ, ತೊಗಟೆ ತಿನ್ನುತ್ತದೆ, ಮಲಗುತ್ತದೆ, ಮತ್ತೆ ತಿನ್ನುತ್ತದೆ. ಆದರೂ ದೊಡ್ಡ ಗಂಡು 150 ಕಿಲೋ ದಾಟುತ್ತದೆ. ಅದು ಹುಟ್ಟಿನಿಂದ ಬಂದ ಕಟ್ಟು. ನಮ್ಮದು ದೂರ ನಡೆಯಲು, ದಣಿಯದೆ ದುಡಿಯಲು ಒಗ್ಗಿದ ಸ್ನಾಯು. ಮೇಲೆ ಕೊಬ್ಬಿನ ಪದರವೂ ನಮಗೇ ಜಾಸ್ತಿ, ಹಾಗಾಗಿ ಇದ್ದ ಸ್ನಾಯುವೂ ಎದ್ದು ಕಾಣುವುದಿಲ್ಲ. ಫಲಕ ಇದನ್ನು ಹೇಳಬೇಕು, ಅಲ್ವಾ?

'ಹುರಿಗಟ್ಟಿದ ಮೈ' ಅನ್ನಿ. ಹುರಿ ಅಂದರೆ ಹೊಸೆದ ದಾರ. ಸ್ನಾಯುವೂ ನಾರಿನ ಕಟ್ಟೇ. ಫೈಬರ್‌ಗೆ 'ಬಿರುಸು ನಾರು', 'ನಿಧಾನ ನಾರು' ಸಾಕು.

ಉತ್ತರ:
ನಾರು ಒಪ್ಪಿದೆ. ಆದರೆ ಸ್ನಾಯು, ಪೇಶಿ ಎರಡೂ ಯಾಕೆ? ಕಾಲಿನ ಹಿಂಬದಿಗೆ 'ಮೀನಖಂಡ' ಅನ್ನುತ್ತೇವೆ. 'ಖಂಡ' ಜನರ ಬಾಯಲ್ಲಿದೆ. ಹಾಗೇ 'ಮಹಾವಾನರ'ವೂ ಬೇಡ, 'ದೊಡ್ಡ ಮಂಗ' ಅನ್ನಿ.

ಉತ್ತರ:
ಆಗದು. ಮಂಗಕ್ಕೆ ಬಾಲ ಇದೆ, ಇವುಗಳಿಗೆ ಇಲ್ಲ. ಮಕ್ಕಳಿಗೆ ತಪ್ಪು ಕಲಿಸಬೇಡಿ. 'ಖಂಡ'ವೂ ಸಂಸ್ಕೃತದ್ದೇ. ಹೊರಗಿನದೆಲ್ಲ ಬೇಡ ಅನ್ನುವುದಾದರೆ ಒರಾಂಗುಟಾನ್ ಮಲಯ ಭಾಷೆಯದು, ಕಾಡಿನ ಮನುಷ್ಯ ಅಂತ ಅರ್ಥ. ಚಿಂಪಾಂಜಿ ಆಫ್ರಿಕಾದ್ದು. ಗೊರಿಲ್ಲಾ ಗ್ರೀಕ್ ಬರಹದಿಂದ ಬಂದದ್ದು. ಇವನ್ನೂ ತೆಗೆದರೆ ಫಲಕದಲ್ಲಿ ಏನು ಉಳಿಯುತ್ತದೆ? ಬಂದ ಪದ ನೆಲೆಯೂರಿದ ಮೇಲೆ ಅದು ನಮ್ಮದೇ.

ಮೂಲ ಪ್ರಶ್ನೆ ಕೇಳಿದವರಿಂದ:
ಮಹಾವಾನರ, ಸ್ನಾಯು ಎರಡನ್ನೂ ಉಳಿಸಿಕೊಂಡಿದ್ದೇನೆ. ತಲೆಬರಹ: 'ಮಹಾವಾನರಗಳ ಮೈ ಯಾಕೆ ಅಷ್ಟು ಹುರಿಗಟ್ಟಿದೆ?' ಕೆಳಗೆ ಬಿರುಸು ನಾರು, ನಿಧಾನ ನಾರುಗಳ ಚಿತ್ರ. ಕಾಗುಣಿತ ಯಾರಾದರೂ ಇವತ್ತು ರಾತ್ರಿಯೊಳಗೆ ನೋಡಿಕೊಡಿ.